ಕಣ್ಣು ಬಿಟ್ಟು ಆಡಿದ ಕುಮಿತೆ

ಹಾಸ್ಟೆಲ್ ಟೆರೇಸಿನಲ್ಲಿ ದಿನಾ 100 ಪಂಚ್ ಹೊಡೆದು, ಕುಮಿತೆಗೆ ನಾವು ರೆಡಿ ಅಂದುಕೊಂಡಿದ್ದೆವು. ಅಂತರ ಕಾಲೇಜು ಪಂದ್ಯದಲ್ಲಿ ಮೂವರೂ ಮೊದಲ ಸುತ್ತಿಗೇ ಔಟ್! ಹೊಡೆತ ಬಂದಾಗ ಕಣ್ಣು ಮುಚ್ಚುತ್ತಿದ್ದೆವು, ನೆಟ್ಟಗೆ ಹಿಂದಕ್ಕೇ ಓಡುತ್ತಿದ್ದೆವು.

"ಕೈ ಆಮೇಲೆ ಕಣ್ರೋ, ಮೊದಲು ಕಾಲು ಕಲೀರಿ" ಅಂದರು ಮಾಸ್ಟ್ರು. ಅಲ್ಲಿಂದ ಬರೀ ಅಂತರದ್ದೇ ಪಾಠ. ಜಪಾನಿಯಲ್ಲಿ ‘ಮಾಆಯ್’ ಅಂತಾರೆ: ಎದುರಾಳಿಯ ಕೈಗೆ ಸಿಗದೆ, ಒಂದೇ ಹೆಜ್ಜೆಗೆ ನಾವು ಅವನನ್ನು ಮುಟ್ಟಬಹುದಾದ ದೂರ. ಹಿಂದೆ ಓಡೋ ಬದಲು ಓರೆಯಾಗಿ ಸರಿದು, ಹಿಂದಿನ ಕೈಯಿಂದ ಗ್ಯಾಕು ಜುಕಿ. ತಲೆಗೆ ಕಿಕ್ ತಾಗಿದರೆ 3 ಪಾಯಿಂಟು, ಪಂಚಿಗೆ 1. ನಾವು ಆ ಒಂದನ್ನೇ ತಿದ್ದಿಕೊಂಡೆವು.

ಈ ವರ್ಷ ಒಬ್ಬ ಎರಡನೇ ಸುತ್ತು ಮುಟ್ಟಿದ. ಉಳಿದಿಬ್ಬರೂ ಸೋತೆವು, ಆದರೆ ಕಣ್ಣು ಬಿಟ್ಟುಕೊಂಡೇ.