ಹೇಮಾವತಿ ದಾಟಿ ಅಕ್ಕನ ಮನೆಗೆ

ಹಾಸನದ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಏಳಕ್ಕೇ ರಾಜ್ಯೋತ್ಸವದ ಸಡಗರ ಶುರುವಾಗಿತ್ತು. ನಾನು ಹತ್ತಿದ ಬಸ್ಸಿನ ಮುಂದೆಯೂ ಹಳದಿ–ಕೆಂಪು ಬಾವುಟ, ಎರಡು ಬಾಳೆಕಂದು, ಗಾಜಿನ ಅಡ್ಡಕ್ಕೆ ಚೆಂಡುಹೂವಿನ ಮಾಲೆ. ನವೆಂಬರ್ 1, ಶನಿವಾರ. ನನ್ನ ಮಡಿಲ ಚೀಲದಲ್ಲಿ ಎರಡು ಪೊಟ್ಟಣ ಮೇಣದ ಬತ್ತಿ, ಅಕ್ಕನಿಗೆಂದು ಒಂದು ನೂಲಿನ ಸೀರೆ. ಮರುದಿನ, ನವೆಂಬರ್ 2, ನಮ್ಮ ಕಥೋಲಿಕರಿಗೆ ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಗೋರಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚುವ ದಿನ.

ಕೊಡ್ಲಿಪೇಟೆಯಲ್ಲಿರುವವಳು ನನ್ನ ದೊಡ್ಡಮ್ಮನ ಮಗಳು. ಭಾವ ಹೋಗಿ ನಾಲ್ಕೂವರೆ ವರ್ಷವಾಗಿತ್ತು, ನಾನು ಒಮ್ಮೆಯೂ ಹೋಗಿರಲಿಲ್ಲ. 2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ಜಿಲ್ಲೆಯ ಗಡಿ ದಾಟುವ ಹಾಗಿರಲಿಲ್ಲ. ಫೋನಿನಲ್ಲಿ ಅಕ್ಕ ಒಂದೇ ಸಮನೆ ಅಳುತ್ತಿದ್ದಳು. ಏನು ಹೇಳಬೇಕೆಂದು ತೋಚದೆ ನಾನು, "ದೇವರ ಚಿತ್ತ ಅಕ್ಕ, ಅಳಬೇಡ. ವಿಶ್ವಾಸ ಇರೋರು ಹೀಗೆ ಅಳಬಾರದು" ಅಂದುಬಿಟ್ಟೆ. ಆ ಕಡೆ ಅಳು ಕತ್ತರಿಸಿದ ಹಾಗೆ ನಿಂತಿತು. ಆಮೇಲೆ ಅವಳಾಗಿ ಫೋನ್ ಮಾಡುವುದೂ ನಿಂತಿತು. ನಾನು ಮಾಡಿದರೆ ಮಳೆ, ಬೆಳೆ, ಮಗನ ಕೆಲಸ, ಅಷ್ಟೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೇ ಈ ಸಲ ಹೊರಟಿದ್ದೆ.

ಆಲೂರು ಕಳೆದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಬಯಲು ತಗ್ಗಿ, ಗದ್ದೆಯ ಕೋವುಗಳು, ಅವುಗಳ ಮೇಲಂಚಿಗೆ ಸಿಲ್ವರ್ ಓಕ್ ಮರಗಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಮಂಜು ಇನ್ನೂ ಎದ್ದಿರಲಿಲ್ಲ. ಹೇಮಾವತಿಯ ಸೇತುವೆ ಬಂದಾಗ ಹೊಳೆ ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. ಹೊಳೆಯ ಆಚೆ ಕೊಡಗು. 1956ರ ಇದೇ ನವೆಂಬರ್ 1ರವರೆಗೆ ಅದು ಬೇರೆಯೇ ರಾಜ್ಯ, ಈ ಹೊಳೆಯೇ ಅದರ ಉತ್ತರದ ಗಡಿ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹೊಳೆಗೆ ಕೈಮುಗಿದರು. ನಾನೂ ಶಿಲುಬೆಯ ಗುರುತು ಮಾಡಿಕೊಂಡೆ.

ಕೊಡ್ಲಿಪೇಟೆ ಸೋಮವಾರಪೇಟೆ ಕಡೆಯ ಹೋಬಳಿ ಕೇಂದ್ರ. ಕೊಡಗೆಂದರೆ ಕೊಡವ ಉಡುಗೆ, ಕಾವೇರಿ, ಮಡಿಕೇರಿಯ ಮಂಜು ಎಂದು ಚಿತ್ರ ಕಟ್ಟಿಕೊಂಡವರಿಗೆ ಈ ಊರು ಹಾಸನದ ಮಲೆನಾಡಿನ ಮುಂದುವರಿಕೆಯಂತೆ ಕಂಡೀತು. ಮನೆಮಾತು ಕನ್ನಡ, ಹತ್ತಿರದಲ್ಲೇ ಕಿರಿಕೊಡ್ಲಿ ಮಠ, ಪೇಟೆಯಲ್ಲಿ ಮಸೀದಿ, ಗೊಬ್ಬರದಂಗಡಿ, ಕಾಫಿ ಕೊಳ್ಳುವವರ ತಕ್ಕಡಿ. ಸುತ್ತಲಿನ ಊರುಗಳ ಹೆಸರೇ ವಾರದ ಲೆಕ್ಕ: ಸೋಮವಾರಪೇಟೆ, ಶುಕ್ರವಾರಸಂತೆ, ಶನಿವಾರಸಂತೆ. ಬಸ್ಸಿಳಿದಾಗ ಅಕ್ಕ ಅಂಗಡಿಯೊಂದರ ಜಗಲಿಯಲ್ಲಿ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಚೀಲ ಕಿತ್ತುಕೊಂಡು, "ತಿಂಡಿ ತಿಂದ್ಯಾ?" ಅಂದಳು. ಅಷ್ಟೇ.

ಭಾವನವರದು ಮಂಗಳೂರು ಕಡೆಯ ಕೊಂಕಣಿ ಮನೆತನ. ಅವರ ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿ ಬಂದವರು, ಕೊನೆಗೆ ಮೂರು ಎಕರೆ ಕೊಂಡು ಇಲ್ಲೇ ನೆಲೆಯಾದರು. ಭಾವ ಆ ಮೂರು ಎಕರೆ ಅರೇಬಿಕಾ ಜೊತೆಗೆ ಹೊರಗೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಿದ್ದರು. ಶುಂಠಿಯ ಕಷ್ಟ ಬಲ್ಲವರಿಗೆ ಹೇಳಬೇಕಾಗಿಲ್ಲ. ಬಿತ್ತನೆ ಗೆಡ್ಡೆ, ಗೊಬ್ಬರ, ಆಳು, ನೀರಿನ ಪೈಪು, ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಕೊಳೆರೋಗ ಬಂದರೆ ವಾರದೊಳಗೆ ಮಡಿಗೆ ಮಡಿಯೇ ಹಳದಿಯಾಗಿ ಕುಸಿಯುತ್ತದೆ. ರೋಗ ಬರಲಿಲ್ಲವೋ, ಬೆಲೆ ಬೀಳುತ್ತದೆ. ಆ ವರ್ಷ ಬೆಲೆ ಬಿದ್ದಿತ್ತು. ಕಿತ್ತ ಕೂಲಿಯೂ ಹುಟ್ಟದೆ ಎಷ್ಟೋ ಜನ ಗೆಡ್ಡೆಯನ್ನು ಮಣ್ಣಲ್ಲೇ ಬಿಟ್ಟಿದ್ದರು. ಹಾಗೆ ಬಿಟ್ಟ ಗದ್ದೆ, ಬ್ಯಾಂಕಿನ ಸಾಲ, ಮೂರು ಕಡೆ ಕೈಸಾಲ, ಅಡವಿಟ್ಟ ಬಳೆ, ಇಷ್ಟನ್ನು ಬಿಟ್ಟು ಭಾವ ಹೋದರು. ಎರಡು ವರ್ಷ ಅಕ್ಕ ಆಳಿನವರ ಜೊತೆ ತಾನೂ ಆಳಾಗಿ ದುಡಿದು ಕೈಸಾಲ ತೀರಿಸಿದಳು. 2023ರಲ್ಲಿ ಶುಂಠಿ ಬೆಲೆ ಆಕಾಶಕ್ಕೇರಿತು, ನೆನಪಿರಬಹುದು. ಆಗ ಅವಳ ಬಳಿ ಬಿತ್ತನೆಗೆ ಒಂದು ಗೆಡ್ಡೆಯೂ ಇರಲಿಲ್ಲ.

ಮಧ್ಯಾಹ್ನ ಶನಿವಾರಸಂತೆಗೆ ಹೋದೆವು. ಸಂತೆಯ ದಿನ. ಒಣಮೀನು, ಕತ್ತಿ, ಹಗ್ಗ, ಹಸಿ ಅವರೆ. ಹೂವಿನವಳ ಮುಂದೆ ಅಕ್ಕ ಕೂತು ಹಳದಿ ಸೇವಂತಿಗೆ ಆರಿಸಿದಳು. ನಾಲ್ಕು ಮಾರು ಅಳೆದು ಕೊಟ್ಟ ಹೂವಿನವಳು, "ಯಾವ ದೇವರಿಗಮ್ಮ?" ಅಂದಳು. "ನಮ್ಮನೆಯವರಿಗೆ" ಅಂದಳು ಅಕ್ಕ. ಹೂವಿನವಳು ಇನ್ನೊಂದು ಮೊಳ ಸೇರಿಸಿ ಸುತ್ತಿದಳು.

ವಾಪಸು ಬರುವಾಗ ಜೀಪಿನಲ್ಲಿ ಅಕ್ಕ ತಾನಾಗಿ ಹೇಳತೊಡಗಿದಳು. ಭಾವನ ದೇಹ ಬಂದಾಗ ಊರಿನ ಚರ್ಚಿನವರಲ್ಲಿ ಅರ್ಧ ಜನ ಜ್ವರದಲ್ಲಿ ಮಲಗಿದ್ದರು. ಮಗ ಬೆಂಗಳೂರಲ್ಲಿ, ಅವನಿಗೂ ಸೋಂಕು. ಹೊರಲು ಬಂದವರು ಪೇಟೆಯ ನಾಲ್ವರು ಮುಸ್ಲಿಂ ಹುಡುಗರು, ಮೈತುಂಬ ಬಿಳಿ ಪ್ಲಾಸ್ಟಿಕ್ ಉಡುಪು. ಮಳೆ ಹನಿಯುತ್ತಿತ್ತು. ಗುಂಡಿಗೆ ಇಳಿಸುವ ಮುಂಚೆ ಅವರಲ್ಲೊಬ್ಬ ಅಕ್ಕನ ಕಡೆ ತಿರುಗಿ, "ಅಮ್ಮಾ, ನಿಮ್ಮದ್ರಲ್ಲಿ ತಲೆ ಯಾವ ಕಡೆ?" ಅಂತ ಕೇಳಿದನಂತೆ. "ಆ ಹೊತ್ತಲ್ಲಿ ನನಗೆ ದೇವರು ಕಂಡಿದ್ದು ಅಲ್ಲೊಂದೇ ಕಡೆ ಕಣೇ," ಅಂದಳು. "ಬೇರೆ ಎಲ್ಲೂ ಕಾಣಲಿಲ್ಲ."

ರಾತ್ರಿ ಅಕ್ಕಿರೊಟ್ಟಿ, ಕೆಸುವಿನ ಸೊಪ್ಪಿನ ಪಲ್ಯ. ಜಪಸರ ಮುಗಿದ ಮೇಲೆ ನಾನು ಆ ಹಳೆಯ ಮಾತೆತ್ತಿದೆ. "ಅಕ್ಕ, ಅಳಬೇಡ ಅಂದಿದ್ದೆ. ತಪ್ಪಾಯ್ತು." ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಹೋಗಿ, ದೇವರ ಪೀಠದ ಕೆಳಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟಳು.

ಅದರ ಎಡಪುಟದಲ್ಲಿ ತೋಟದ ಲೆಕ್ಕ. ಆಳು ಏಳು, ಗೊಬ್ಬರ ಎರಡು ಮೂಟೆ, ಬ್ಯಾಂಕಿಗೆ ಕಟ್ಟಿದ್ದು, ಉಳಿದ ಬಾಕಿ. ಬಲಪುಟದಲ್ಲಿ, ಅದೇ ತಾರೀಖಿನ ಎದುರಿಗೆ, ದೇವರಿಗೆ ಒಂದೊಂದು ಸಾಲು. ಭಾವ ಸತ್ತ ವಾರದಿಂದ ಶುರು. "ಇವತ್ತು ನಿನ್ನ ಜೊತೆ ಮಾತಿಲ್ಲ." "ಅಳಬಾರದಂತೆ. ನೀನು ಲಾಜರನ ಗೋರಿಯ ಮುಂದೆ ಅತ್ತಿಲ್ವಾ?" "ಬಳೆ ಹೋಯಿತು. ಅದು ನನ್ನ ಅಮ್ಮನದು, ನಿನಗೆ ಗೊತ್ತಿತ್ತು." ಒಂದು ಪುಟದಲ್ಲಿ ಪದವೇ ಇಲ್ಲ, ಪೆನ್ನು ಒತ್ತಿ ಕಾಗದ ಹರಿದ ಗುರುತು. ಇನ್ನೊಂದರಲ್ಲಿ, "ಹೂಮಳೆ ಬಂತು. ಹೂ ಚೆನ್ನಾಗಿ ಬಿಟ್ಟಿದೆ. ಥ್ಯಾಂಕ್ಸ್ ಹೇಳಲ್ಲ, ಹೇಳಬೇಕು ಅನ್ನಿಸ್ತು ಅಷ್ಟೆ." ಅದರ ಮಾರನೆಯ ದಿನ, "ಥ್ಯಾಂಕ್ಸ್." ಒಂದು ದಿನವೂ ತಪ್ಪಿರಲಿಲ್ಲ. ನಾಲ್ಕೂವರೆ ವರ್ಷ, ಒಂದು ರಾತ್ರಿಯೂ ಅವಳು ದೇವರನ್ನು ಬಿಟ್ಟುಕೊಟ್ಟಿರಲಿಲ್ಲ.

ಆ ಪುಸ್ತಕ ಮುಚ್ಚಿ ಮಲಗಿದ ನನಗೆ ನಿದ್ದೆ ಬರಲಿಲ್ಲ. ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳಿಗೆ ಯೋಬನ ಕಥೆ ಎಷ್ಟು ಸಲ ಹೇಳಿದ್ದೇನೆ! ತಾಳ್ಮೆಯ ಯೋಬ ಎಂದೇ ಹೇಳುತ್ತಿದ್ದೆ. ಆದರೆ ಆ ಗ್ರಂಥದ ಬಹುಭಾಗದಲ್ಲಿ ಯೋಬ ತಾಳ್ಮೆಯಿಂದ ಕೂತಿಲ್ಲ, ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನು ನ್ಯಾಯಕ್ಕೆ ಕರೆಯುತ್ತಾನೆ. ಅವನ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ದೇವರ ಪರವಾಗಿ ಕಾರಣ ಕೊಡತೊಡಗಿದರು. ಕೊನೆಯಲ್ಲಿ ದೇವರಿಗೆ ಕೋಪ ಬಂದದ್ದು ಕೂಗಾಡಿದ ಯೋಬನ ಮೇಲಲ್ಲ, ಕಾರಣ ಕೊಟ್ಟ ಗೆಳೆಯರ ಮೇಲೆ. 150 ಕೀರ್ತನೆಗಳಲ್ಲಿ ಅಳುವ, ದೂರುವ ಕೀರ್ತನೆಗಳು ಎಷ್ಟೊಂದಿವೆ. 88ನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಧರ್ಮಸಭೆ ಸಾವಿರಾರು ವರ್ಷ ಉಳಿಸಿಕೊಂಡು ಬಂದಿದೆ. ಅಕ್ಕನ ಬಲಪುಟಗಳು ಆ ಸಾಲಿಗೇ ಸೇರುತ್ತವೆ ಎಂದು ನಾನು ನಂಬುತ್ತೇನೆ. ನಂಬಿದವರ ಹತ್ತಿರ ಮಾತ್ರ ಮನುಷ್ಯ ಹಾಗೆ ಜಗಳಕ್ಕೆ ನಿಲ್ಲುತ್ತಾನೆ. ನಾನು ಫೋನಿನಲ್ಲಿ ಹೇಳಿದ್ದು ವಿಶ್ವಾಸದ ಮಾತಾಗಿರಲಿಲ್ಲ, ಅವಳ ಅಳುವನ್ನು ತಾಳಲಾರದೆ ಆಡಿದ ಮಾತು.

ಭಾನುವಾರ ಪೂಜೆಯ ನಂತರ ಎಲ್ಲರೂ ಸಮಾಧಿ ಭೂಮಿಗೆ ನಡೆದೆವು. ಹುಲ್ಲು ಕೊಯ್ದು, ಗೋರಿಗಳಿಗೆ ಸುಣ್ಣ ಬಳಿದಿದ್ದರು. ಸ್ವಾಮಿಗಳು ಸಾಲಾಗಿ ಪವಿತ್ರ ಜಲ ಪ್ರೋಕ್ಷಿಸುತ್ತಾ ಬಂದರು. ಅಕ್ಕ ಭಾವನ ಗೋರಿಯ ಅಂಚಿಗೆ ಸೇವಂತಿಗೆಯನ್ನು ಸುತ್ತಿ, ಗಾಳಿಗೆ ಆರದಂತೆ ಬತ್ತಿಗಳನ್ನು ತೆಂಗಿನ ಚಿಪ್ಪಿನೊಳಗೆ ನಿಲ್ಲಿಸಿದಳು. ಆಮೇಲೆ ಅತ್ತಳು, ಎಲ್ಲರೆದುರು, ಗಟ್ಟಿಯಾಗಿ. ನಾನು ಪಕ್ಕದಲ್ಲಿ ಕೂತೆ. ಏನೂ ಹೇಳಲಿಲ್ಲ.

ಭಾವನ ಅಣ್ಣ ಎಂಬತ್ತು ದಾಟಿದವರು. ಅಲ್ಲೇ ಕಲ್ಲಿನ ಮೇಲೆ ಕೂತು, "ನೋಡಮ್ಮ, ನಮ್ಮೋರಿಗೆ ಈ ಕೊಡಗು ಸುಮ್ಮನೆ ಸಿಕ್ಕಿದ್ದಲ್ಲ" ಎಂದು ಶುರುಮಾಡಿದರು. 1784ರ ವಿಭೂತಿ ಬುಧವಾರ. ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸುಮಾರು 60,000 ಮಂದಿ ಎನ್ನುತ್ತವೆ ಸಮುದಾಯದ ಇತಿಹಾಸಗಳು. ದಾರಿಯಲ್ಲೇ ಸತ್ತವರೆಷ್ಟೋ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಹದಿನೈದು ವರ್ಷ ಆ ಸೆರೆ. ನಡುವೆ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಹುಟ್ಟಿದ್ದು ಹಾಗೆ, 1792ರಲ್ಲಿ. ಲಿಂಗಾಯತ ಅರಸ, ಕೊಂಕಣಿ ಕ್ರೈಸ್ತರಿಗೆ ಗುಡಿ ಕಟ್ಟಲು ಜಾಗ ಕೊಟ್ಟ. "ಆ ಹದಿನೈದು ವರ್ಷ ಅವರು ದೇವರಿಗೆ ಏನೇನು ಕೇಳಿರ್ತಾರೆ, ಹೇಳಿ? ಬರೀ ಸ್ತೋತ್ರ ಹಾಡಿರ್ತಾರಾ?" ಅಂದರು ಅಜ್ಜ. ನನಗೆ ಅಕ್ಕನ ಪುಸ್ತಕ ನೆನಪಾಯಿತು. ಆ ಪುಸ್ತಕ ಅವರಿಗೆ ಗೊತ್ತಿರಲಿಲ್ಲ.

ಸೋಮವಾರ ನಾನು ಹಾಸನಕ್ಕೆ ಹೊರಟಾಗ ಅಕ್ಕನೂ ಸೀರೆ ಬದಲಿಸಿ ನಿಂತಳು. ನಾನು ತಂದಿದ್ದ ಹೊಸ ಸೀರೆ. "ಶೆಟ್ಟಿಹಳ್ಳಿ ನೋಡಿ ಬಹಳ ವರ್ಷ ಆಯ್ತು" ಅಂದಳು. ನಮ್ಮ ಅಮ್ಮಂದಿರಿಬ್ಬರ ತವರು ಅದು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಇಗರ್ಜಿಯಲ್ಲೇ ಇಬ್ಬರಿಗೂ ಜ್ಞಾನಸ್ನಾನವಾದದ್ದು. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿದು ಹಿನ್ನೀರು ಏರಿದಾಗ ಊರು ಹೋಯಿತು, ಜನ ಬೇರೆ ಕಡೆ ನೆಲೆಸಿದರು. ಇಗರ್ಜಿ ಮಾತ್ರ ಮಾಡು ಕಳೆದುಕೊಂಡು ಅಲ್ಲೇ ನಿಂತಿದೆ. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಕಾಲಿಗೆ ಮಣ್ಣು ಸಿಗುತ್ತದೆ. ಈಗ ಅದು ಪ್ರವಾಸಿ ತಾಣ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರ ಜಾಗ. ಅವರ ಬಗ್ಗೆ ನನಗೆ ಬೇಸರವಿಲ್ಲ. ಗೋಡೆಗಳ ಮೇಲೆ ಹೆಸರು ಕೆತ್ತುವುದನ್ನು ಮಾತ್ರ ದಯವಿಟ್ಟು ಬಿಡಬೇಕು. ಅದು ನಮ್ಮ ಅಮ್ಮಂದಿರ ಹೆಸರು ಬರೆಸಿಕೊಂಡ ಮನೆ.

ನಾವು ಹೋದಾಗ ನೀರು ಕಮಾನುಗಳ ಅರ್ಧಕ್ಕಿತ್ತು. ಕೊಡ್ಲಿಪೇಟೆಯ ಬಳಿ ಮಂಜಿನಲ್ಲಿ ಸದ್ದು ಮಾಡಿದ ಅದೇ ಹೊಳೆ ಇಲ್ಲಿ ಸದ್ದಿಲ್ಲದೆ ಹರಡಿಕೊಂಡಿತ್ತು. ಒಂದು ಬೆಳ್ಳಕ್ಕಿ ಬಲಿಪೀಠವಿದ್ದ ಕಡೆಯ ಗೋಡೆಯ ಮೇಲೆ ಕೂತಿತ್ತು. ಅಕ್ಕ ದಡದಲ್ಲಿ ಚಪ್ಪಲಿ ಬಿಟ್ಟು ಮಂಡಿಯೂರಿದಳು. ಬಹಳ ಹೊತ್ತು ಪ್ರಾರ್ಥಿಸಿದಳು. ಎದ್ದಾಗ ನಾನು ಕೇಳಿದೆ, "ಏನಂದೆ?"

"ಬಾಕಿ ಎಷ್ಟಿದೆ ಅಂತ ಹೇಳ್ದೆ. ಈ ಸಲ ಕಾಫಿಗೆ ಬೆಲೆ ಇದೆ, ಕಾಯಿ ಉದುರಿಸಬೇಡ ಅಂದೆ. ಆಳು ಸಿಗ್ತಿಲ್ಲ ಅಂತಾನೂ ಹೇಳ್ದೆ."

ಅವಳನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ. ಡಿಸೆಂಬರಿನಲ್ಲಿ ಅಕ್ಕನ ತೋಟದ ಮೊದಲ ಕೊಯ್ಲು. ಹತ್ತು ದಿನದ ರಜೆಗೆ ಅರ್ಜಿ ಕೊಟ್ಟಿದ್ದೇನೆ, ಮಂಜೂರಾಗಿದೆ.