ಗೇಟಿನೊಳಗಿನ ಗುಂಡಿ

ಭಾನುವಾರ ಬೆಳಿಗ್ಗೆ ಏಳೂವರೆಗೆ ಅಮ್ಮ ಬಂದು ಹೊದಿಕೆ ಎಳೆದು, "ಏಳೇ, ಬಚ್ಚಲಲ್ಲಿ ನೀರು ವಾಪಸ್ ಬರ್ತಿದೆ" ಅಂದಳು.

ನೀರು ಬರ್ತಿಲ್ಲ ಅಂತ ಎಬ್ಬಿಸುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಸಂಪು ಖಾಲಿ, ಮೋಟರಲ್ಲಿ ಗಾಳಿ ಸೇರಿಕೊಂಡಿದೆ, ಕಾವೇರಿ ಬಿಡೋ ದಿನವೇ ಕರೆಂಟ್ ಇಲ್ಲ - ಇವಕ್ಕೆಲ್ಲ ನಿದ್ದೆಗಣ್ಣಲ್ಲೇ ಹೇಳಬಲ್ಲ ಉತ್ತರಗಳು ನನ್ನ ಹತ್ರ ಇವೆ. ವಾಪಸ್ ಬರ್ತಿದೆ ಅನ್ನುವುದಕ್ಕೆ ಇರಲಿಲ್ಲ. ಹೋಗಿ ನೋಡಿದರೆ, ಮೇಲಿನ ಮನೆಯವರು ತಲೆಗೆ ಹಾಕಿಕೊಂಡ ಶಾಂಪೂ ನೊರೆ ನಮ್ಮ ಬಚ್ಚಲಿನ ಜಾಲರಿಯಿಂದ ಗುಳುಗುಳು ಅಂತ ಮೇಲೇಳುತ್ತಿತ್ತು. ನೊರೆಯ ಹಿಂದೆ ಏನು ಬಂತು ಅಂತ ಬರೆಯುವುದಿಲ್ಲ. ನೀವು ತಿಂಡಿ ತಿನ್ನುತ್ತಾ ಓದುತ್ತಿರಬಹುದು.

ನಮ್ಮದು ನಾಗರಭಾವಿ ಕಡೆ ಮೂವತ್ತು ನಲವತ್ತರ ಸೈಟು. 1994ರಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆ ನಾನು, ಅಮ್ಮ. ಮೊದಲ ಮಹಡಿಯಲ್ಲಿ ಚಿಕ್ಕ ಮಗು ಇರುವ ದಂಪತಿ, ಎರಡನೆಯದರಲ್ಲಿ ವಾರದ ಬಟ್ಟೆಯನ್ನೆಲ್ಲ ಭಾನುವಾರವೇ ಒಗೆಯುವ ಮೂರು ಜನ ಹುಡುಗರು. ಅಪ್ಪ ಹೋಗಿ ನಾಲ್ಕು ವರ್ಷ. ಅಂದಿನಿಂದ ಖಾತೆ, ಕಂದಾಯ, ಬಾಡಿಗೆ ಕರಾರು, ಪೇಂಟು ಎಲ್ಲ ನನ್ನ ತಲೆ ಮೇಲೆ. ಕೆಲಸದ ಚಾಳಿ ಎಲ್ಲಿಗೆ ಹೋಗುತ್ತೆ, ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟು ಮಾಡಿದ್ದೆ. ಅದರಲ್ಲಿ ಕೊಳಚೆ ಪೈಪಿಗೆ ಕಾಲಂ ಇರಲಿಲ್ಲ. ನೀರಿನ ಬಿಲ್ಲಿನಲ್ಲಿ ತಿಂಗಳು ತಿಂಗಳೂ ಸ್ಯಾನಿಟರಿ ಚಾರ್ಜು ಅಂತ ಒಂದು ಸಾಲು ಬರುತ್ತಲ್ಲ, ಅದನ್ನು ಕಟ್ಟಿದ ಮೇಲೆ ಉಳಿದದ್ದು ಬೇರೆ ಯಾರದ್ದೋ ತಲೆನೋವು ಅಂದುಕೊಂಡಿದ್ದೆ.

ಮೇಲಕ್ಕೆ ಓಡಿ, ದಯವಿಟ್ಟು ಯಾರೂ ನಲ್ಲಿ ತಿರುಗಿಸಬೇಡಿ, ಫ್ಲಶ್ ಒತ್ತಬೇಡಿ ಅಂತ ಹೇಳಿ ಬಂದೆ. "ಎಷ್ಟ್ ಹೊತ್ತು ಅಕ್ಕಾ?" ಅಂತ ಹುಡುಗ ಕೇಳಿದ. ಅವನ ಹಿಂದೆ ವಾಷಿಂಗ್ ಮಷಿನ್ ತಿರುಗುತ್ತಿತ್ತು.

ಕಂಪ್ಲೇಂಟ್ ಕೊಟ್ಟ ಎರಡು ಗಂಟೆಯೊಳಗೆ ಇಬ್ಬರು ಉದ್ದನೆಯ ಬಿದಿರು ದಬ್ಬೆ ಹಿಡಿದುಕೊಂಡು ಬಂದರು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಎತ್ತಿದರು. ಒಳಗೆ ನೀರು ತನ್ನ ಪಾಡಿಗೆ ಹರಿದು ಹೋಗುತ್ತಿತ್ತು.

"ರಸ್ತೆ ಲೈನ್ ಫ್ರೀ ಇದೆ ಮೇಡಂ. ಮ್ಯಾನ್‌ಹೋಲಿಂದ ಒಳಗಡೆ ನಿಮ್ದು."

"ಗೇಟಿಂದ ಒಳಗಾ?"

"ಅಲ್ಲ, ಮ್ಯಾನ್‌ಹೋಲಿಂದ. ಈ ಅರ್ಧ ರಸ್ತೆ ಕೆಳಗಿರೋ ಪೈಪೂ ನಿಮ್ದೇ."

"ರಸ್ತೆ ನಂದಾ ಹಾಗಾದ್ರೆ?"

"ರಸ್ತೆ ಅಲ್ಲ, ಪೈಪು. ಅದರಲ್ಲಿ ನಿಮ್ಮನೆದು ಬಿಟ್ಟು ಬೇರೆ ಯಾರ್ದಾದ್ರೂ ಹೋಗುತ್ತಾ?"

ಇದಕ್ಕೆ ಎದುರು ಮಾತು ಸಿಗಲಿಲ್ಲ. ಯೋಚಿಸಿದರೆ ಕುಡಿಯೋ ನೀರಿನದ್ದೂ ಇದೇ ಕತೆ. ರಸ್ತೆಯ ದೊಡ್ಡ ಪೈಪಿನಿಂದ ನಮ್ಮ ಮೀಟರಿನವರೆಗಿನ ಸಣ್ಣ ಪೈಪನ್ನು ಅಪ್ಪನೇ ದುಡ್ಡು ಕಟ್ಟಿ ಹಾಕಿಸಿದ್ದು. "ನಿಮ್ಮ ಚೇಂಬರ್ ಎಲ್ಲಿದೆ ತೋರಿಸಿ, ಅಲ್ಲಿಂದ ಯಾರ ಹತ್ರನಾದ್ರೂ ದಬ್ಬೆ ಆಡಿಸಿ" ಅಂತ ಹೇಳಿ ಹೊರಟರು.

ಚೇಂಬರ್ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಕಾರು ತಗೊಂಡಾಗ ಗೇಟಿನೊಳಗೆ ಪಾರ್ಕಿಂಗ್ ಟೈಲ್ಸ್ ಹಾಕಿಸಿದ್ದೆ. ಮೇಸ್ತ್ರಿ ಒಂದು ಕಡಪ ಕಲ್ಲಿನ ಮುಚ್ಚಳ ತೋರಿಸಿ, "ಇದನ್ನ ಬಿಟ್ಟು ಹಾಕ್ಲಾ?" ಅಂತ ಕೇಳಿದ್ದರು. "ಬೇಡ, ಅದರ ಮೇಲೇ ಹಾಕಿ, ಒಂದೇ ಲೆವೆಲ್ ಬರ್ಲಿ" ಅಂದವಳು ನಾನೇ. ಫೋಟೋ ಹಾಕಿದಾಗ ಎಲ್ಲರೂ ನೈಸ್ ಅಂದಿದ್ದರು.

ಪ್ಲಂಬರ್ ಬಂದು ಟೈಲ್ಸ್ ಒಡೆಯುವವರೆಗೆ ಒಂದು ಗಂಟೆ ಇತ್ತು. ಆ ಹೊತ್ತಿನಲ್ಲಿ ಮೊದಲ ಸಲ ಈ ನೀರಿನ ದಾರಿಯ ಬಗ್ಗೆ ಯೋಚಿಸಿದೆ. ಬರುವ ನೀರಿನ ಕತೆ ನಮಗೆಲ್ಲ ಗೊತ್ತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಹಂತದಲ್ಲಿ ಪಂಪ್ ಆಗಿ, ಹೆಚ್ಚುಕಡಿಮೆ 500 ಮೀಟರ್ ಎತ್ತರ ಹತ್ತಿಕೊಂಡು ಬರುತ್ತದೆ. 1974ರಲ್ಲಿ ಕಾವೇರಿ ಮೊದಲ ಹಂತ, 2024ರಲ್ಲಿ ಐದನೆಯದು. ಪ್ರತಿ ಹಂತಕ್ಕೂ ಉದ್ಘಾಟನೆ, ಪೂಜೆ, ಬಾಗಿನ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಒಳಚರಂಡಿ ಎಂಜಿನಿಯರುಗಳ ಲೆಕ್ಕ. ಆ 80 ಪಾಲಿಗೆ ಯಾರೂ ಬಾಗಿನ ಕೊಡುವುದಿಲ್ಲ. ಬೆಂಗಳೂರು ದಿಣ್ಣೆಯ ಮೇಲಿರುವ ಊರು, ಹಾಗಾಗಿ ಅದು ಬಹುಪಾಲು ಇಳಿಜಾರು ಹಿಡಿದು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ನಮ್ಮ ಬಡಾವಣೆಯದ್ದು ವೃಷಭಾವತಿಗೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಅಷ್ಟು ಕಷ್ಟಪಟ್ಟು ಹತ್ತಿಸಿದ ನೀರು ನಮ್ಮ ಬಚ್ಚಲು ಸುತ್ತಿಕೊಂಡು ಮತ್ತೆ ಅದೇ ನದಿಗೆ ವಾಪಸ್. ಅದಕ್ಕೆ ಬೇಕಾದದ್ದು ಪಂಪಲ್ಲ, ಸರಿಯಾದ ಇಳಿಜಾರು ಮತ್ತು ತೆರೆದ ದಾರಿ ಅಷ್ಟೇ. ದಾರಿಯ ಮೇಲೆ ನಾನು ಟೈಲ್ಸ್ ಹಾಕಿ ಕಾರು ನಿಲ್ಲಿಸಿದ್ದೆ.

ಟೈಲ್ಸ್ ಒಡೆದು ಕಲ್ಲು ಎತ್ತಿದಾಗ ಕಂಡದ್ದು ಚೇಂಬರ್ ಅಲ್ಲ, ಗುಂಡಿ. ನಮ್ಮದು ಖಾಸಗಿ ಬಡಾವಣೆ. 1994ರಲ್ಲಿ ಯುಜಿಡಿ ಇರಲಿಲ್ಲ. ಎಲ್ಲರ ಮನೆಯ ಮುಂದೂ ಸಿಮೆಂಟ್ ರಿಂಗ್ ಇಳಿಸಿದ ಹತ್ತಡಿ ಗುಂಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಯುಜಿಡಿ ಬಂತು. ಆಗ ಗುಂಡಿಯನ್ನು ತುಂಬಿಸಿ, ಬಚ್ಚಲಿನಿಂದ ರಸ್ತೆಗೆ ನೇರ ಪೈಪು ಎಳೆಯಬೇಕಿತ್ತು. ಖರ್ಚು ಉಳಿಸಲು ಅಪ್ಪ ಗುಂಡಿಯ ಮೇಲ್ಭಾಗದಿಂದಲೇ ರಸ್ತೆಗೆ ಒಂದು ಮಣ್ಣಿನ ಪೈಪು ಸೇರಿಸಿಬಿಟ್ಟಿದ್ದರು. ತಿಳಿ ನೀರು ಮೇಲಿನಿಂದ ರಸ್ತೆಗೆ ಹೋಗುತ್ತಿತ್ತು. ಗಟ್ಟಿಯಾದದ್ದು ವರ್ಷಗಟ್ಟಲೆ ತಳದಲ್ಲಿ ಕೂತು, ಏರುತ್ತಾ ಏರುತ್ತಾ ಈಗ ಪೈಪಿನ ಬಾಯಿಗೆ ಬಂದಿತ್ತು.

ಪ್ಲಂಬರ್ ಯಾರಿಗೋ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಮೊಪೆಡ್ಡಿನ ಮೇಲೆ ಇಬ್ಬರು ಬಂದರು. ಬಕೆಟ್, ಹಗ್ಗ, ಒಂದು ಹಾರೆ. ಗ್ಲೌಸಿಲ್ಲ, ಬೂಟಿಲ್ಲ, ಬೇರೇನೂ ಇಲ್ಲ. ಇಬ್ಬರಲ್ಲಿ ದೊಡ್ಡವನಿಗೆ ಹೆಚ್ಚೆಂದರೆ ನನ್ನ ವಯಸ್ಸು.

"ಮಷಿನ್ ಭಾನುವಾರ ಸಿಗಲ್ಲ ಅಕ್ಕಾ. ಸಿಕ್ಕಿದ್ರೂ ತಳದಲ್ಲಿ ಗಟ್ಟಿ ಆಗಿರೋದು ಎಳೆಯಲ್ಲ. ಮೇಲಿನ ನೀರು ಬಕೆಟಲ್ಲಿ ಎತ್ತಿ ನಾನು ಇಳಿದ್ರೆ ಒಂದ್ ಗಂಟೆ ಕೆಲ್ಸ. ಮೂರು ಸಾವಿರ ಕೊಡಿ."

ಈಗ ನಾನು ಏನು ಹೇಳಿದೆ ಅಂತ ಇದ್ದದ್ದು ಇದ್ದಹಾಗೆ ಬರೆಯಬೇಕು. 2013ರಲ್ಲಿ ಬಂದ ಕಾನೂನು ನನಗೆ ಗೊತ್ತಿತ್ತು. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ, ಮಲದ ಗುಂಡಿಗೆ ಇಳಿಸುವುದು ಅಪರಾಧ, ಅಂಥ ಸಾವಿನ ಸುದ್ದಿ ಬಂದಾಗ ಎರಡು ಮೂರು ಸಲ ಸಿಟ್ಟಿನಿಂದ ಶೇರ್ ಕೂಡ ಮಾಡಿದ್ದೆ. ಸುದ್ದಿಯಲ್ಲಿ ಯಾವಾಗಲೂ ಒಬ್ಬ ಕಂಟ್ರಾಕ್ಟರ್ ಇರುತ್ತಿದ್ದ, ಒಂದು ಇಲಾಖೆ ಇರುತ್ತಿತ್ತು. ಗೇಟಿನೊಳಗೆ ಚಪ್ಪಲಿ ಹಾಕಿಕೊಂಡು ನಿಂತ ಮನೆ ಓನರ್ ಇರುತ್ತಿರಲಿಲ್ಲ. ಬಚ್ಚಲಲ್ಲಿ ನೀರು ನಿಂತಿದೆ, ಮೇಲೆ ಮಗು ಅಳುತ್ತಿದೆ, ನಾಳೆ ಒಂಬತ್ತೂವರೆಗೆ ಮೀಟಿಂಗು. ನಾನು ಹೇಳಿದ್ದು ಇಷ್ಟು: "ಎರಡೂವರೆ ಮಾಡ್ಕೊಳ್ಳಿ. ಬೇಗ ಮುಗ್ಸಿ."

ಚೌಕಾಸಿ ಬೇರೆ.

ಅವನು ಶರ್ಟು ಬಿಚ್ಚಿ ಗೇಟಿಗೆ ನೇತುಹಾಕಿದ. ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಪ್ಲಂಬರಿಗೆ ಮನೆಯ ಲೋಟ, ಆ ಇಬ್ಬರಿಗೆ ಪೇಪರ್ ಕಪ್ಪು. ನಾನು ನೋಡಿದೆ, ಏನೂ ಅನ್ನಲಿಲ್ಲ. ಅಮ್ಮ ಅವನ ಹೆಸರು ಕೇಳಿದಳು, ಊರು ಕೇಳಿದಳು, ಮಕ್ಕಳೆಷ್ಟು ಅಂತ ಕೇಳಿದಳು. ಆಮೇಲೆ ಬಾಯಿ ತೆರೆದ ಗುಂಡಿ ನೋಡಿ, "ಇಳೀತಾನಾ?" ಅಂತ ನನ್ನನ್ನು ಕೇಳಿದಳು.

"ಹೂಂ."

"ಬೇಡ."

"ಅಮ್ಮಾ, ಒಂದ್ ಗಂಟೆ ಕೆಲ್ಸ..."

"ನಿಮ್ಮಪ್ಪನೂ ಇದನ್ನೇ ಅಂದಿದ್ರು."

ಯುಜಿಡಿ ಸೇರಿಸುವ ಮೊದಲು ಒಮ್ಮೆ ಗುಂಡಿ ತುಂಬಿತ್ತಂತೆ. ಒಬ್ಬನನ್ನು ಇಳಿಸಿದರಂತೆ. ಮೂರು ಬಕೆಟ್ ಮೇಲೆ ಬಂದ ಮೇಲೆ ಹಗ್ಗ ಅಲ್ಲಾಡಲಿಲ್ಲ. ಸೊಂಟಕ್ಕೂ ಹಗ್ಗ ಕಟ್ಟಿದ್ದರಿಂದ ಎಲ್ಲರೂ ಸೇರಿ ಎಳೆದು ಹಾಕಿದರು. ಗೇಟಿನ ಹತ್ತಿರ ಮಲಗಿಸಿ ನೀರು ಹಾಕಿ, ಗಾಳಿ ಬೀಸಿ, ಹತ್ತು ನಿಮಿಷದ ಮೇಲೆ ಕಣ್ಣು ಬಿಟ್ಟ. ಅಪ್ಪ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಕಳಿಸಿದರು. ಆಮೇಲೆ ಅವನೇನಾದ ಅಂತ ಯಾರಿಗೂ ಗೊತ್ತಿಲ್ಲ. ಅಪ್ಪ ಆ ವಿಷಯ ಮನೆಯಲ್ಲಿ ಮತ್ತೆ ಎತ್ತಲಿಲ್ಲ. ಅವತ್ತು ನನ್ನನ್ನು ರೂಮಿನಲ್ಲಿ ಕೂರಿಸಿ ಕಿಟಕಿ ಹಾಕಿದ್ದು ನನಗೆ ನೆನಪಿದೆ. ವಾಸನೆಗೆ ಹಾಕಿದ್ದಾರೆ ಅಂದುಕೊಂಡಿದ್ದೆ.

ಅಪ್ಪ ಒಳ್ಳೆಯವರು. ಅದನ್ನು ಈಗಲೂ ಹೇಳ್ತೀನಿ. ಆದರೆ ಗೇಟಿನ ಹತ್ತಿರದ ಆ ಜಾಗದಲ್ಲಿ ನಾನು ದಿನಾ ರಂಗೋಲಿ ದಾಟಿಕೊಂಡು ಸ್ಕೂಲಿಗೆ ಹೋಗಿದ್ದೀನಿ.

"ವಾಸ್ನೆನೇ ಇಲ್ಲ ನೋಡಿ ಅಮ್ಮಾ, ಗ್ಯಾಸ್ ಇಲ್ಲ" ಅಂದ ಅವನು. ಫೋನ್ ತೆಗೆದು ನೋಡಿದೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ನಾರುತ್ತೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತೆ. ವಾಸನೆ ನಿಂತಿತು ಅಂದರೆ ಅಪಾಯ ಹೋಯಿತು ಅಂತಲ್ಲ, ಹತ್ತಿರ ಬಂದಿರಬಹುದು. ಗಾಳಿಗಿಂತ ಭಾರ, ತಳ ಬಿಟ್ಟು ಏಳುವುದಿಲ್ಲ. ಗಟ್ಟಿ ಪದರವನ್ನು ಹಾರೆಯಿಂದ ಕೆದಕಿದ ಕ್ಷಣ ಒಮ್ಮೆಲೇ ಬಿಡುಗಡೆಯಾಗುತ್ತೆ. ದೀಪ ಇಳಿಸಿ ನೋಡುವ ಹಳೆಯ ಉಪಾಯವೂ ಇದಕ್ಕೆ ನಡೆಯಲ್ಲ. ಉಸಿರಾಡುವ ಗಾಳಿ ಇಲ್ಲದಿದ್ದರೆ ದೀಪ ಆರುತ್ತೆ, ವಿಷ ಇದ್ದರೆ ಆರಬೇಕಾಗಿಲ್ಲ. ಜೊತೆಗೆ ಮೀಥೇನ್ ಇದ್ದರೆ ದೀಪವೇ ಅಪಾಯ.

ಅದೇ ಪುಟದ ಕೆಳಗೆ ಇನ್ನೊಂದು ಲೆಕ್ಕ ಇತ್ತು. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ನಾನು ಐನೂರು ರೂಪಾಯಿ ಚೌಕಾಸಿ ಮಾಡಿದ್ದೆ.

"ಬೇಡಪ್ಪಾ, ಮಷಿನ್ನೇ ತರಿಸ್ತೀವಿ" ಅಂದೆ.

ಅವನಿಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆ. ಸಿಟ್ಟು ಬಂತು. "ಪೆಟ್ರೋಲ್ ಹಾಕ್ಕೊಂಡ್ ಬಂದಿದೀನಿ. ಇನ್ನೊಂದ್ ಕೆಲ್ಸ ಬಿಟ್ ಬಂದಿದೀನಿ. ನೀವ್ ಬೇಡ ಅಂದ್ರೆ ಪಕ್ಕದ ರಸ್ತೆಯವ್ರು ಕರೀತಾರೆ, ನಾಳೆ ಅಲ್ಲಿ ಇಳೀತೀನಿ. ನಿಮ್ಗೆ ನೋಡೋಕಾಗಲ್ಲ, ಅಷ್ಟೇ ತಾನೆ?"

ಅಷ್ಟೇನಾ ಅಂತ ನಾನೂ ಕೇಳಿಕೊಂಡಿದ್ದೀನಿ. ಸಾವಿರದೈನೂರು ಕೊಟ್ಟೆ. ಎಣಿಸಿಕೊಂಡ. ಹೋಗುವಾಗ, "ಮಷಿನ್ ಬಂದಾಗ ಫೋನ್ ಮಾಡಿ, ಪೈಪ್ ಹಿಡಿಯೋಕೆ ಬರ್ತೀನಿ" ಅಂದ. ನಂಬರ್ ಸೇವ್ ಮಾಡಿಕೊಂಡೆ.

ಮಷಿನ್ ಬಂದದ್ದು ಮಂಗಳವಾರ. ಎರಡು ದಿನ ನಾವು ಎಂಟು ಜನ ಎಲ್ಲೆಲ್ಲಿ ಹೋದೆವು ಅನ್ನುವುದು ಬೇರೆಯೇ ಲೇಖನ. ಹುಡುಗರು ಆಫೀಸಿನಲ್ಲೇ ಸ್ನಾನ ಮಾಡಿದರು, ಮಗುವಿನ ತಾಯಿ ತವರಿಗೆ ಹೋದಳು, ಅಮ್ಮ ಪಕ್ಕದ ಮನೆಯ ಬೀಗದ ಕೈ ಇಸ್ಕೊಂಡಳು. ನಾನು ಮೀಟಿಂಗಿಗೆ ಅರ್ಧ ಗಂಟೆ ಮೊದಲೇ ಹೋದೆ, ಮ್ಯಾನೇಜರ್ ಮೆಚ್ಚಿಕೊಂಡರು.

ಟ್ಯಾಂಕರಿನವರು ಮೊದಲು ಮೇಲಿನದ್ದನ್ನು ಎಳೆದರು. ಆಮೇಲೆ ಪೈಪಿನಿಂದ ಜೋರಾಗಿ ನೀರು ಬಿಟ್ಟು ತಳದ ಗಟ್ಟಿಯನ್ನು ಕದಡಿ, ಮತ್ತೆ ಎಳೆದರು. ಗಟ್ಟಿಯಾದದ್ದು ಮಷಿನ್‌ಗೆ ಬರಲ್ಲ ಅನ್ನುವುದು ಸುಳ್ಳು. ಟೈಮ್ ಹಿಡಿಯುತ್ತೆ, ಎರಡು ಲೋಡಿನ ದುಡ್ಡು ಹಿಡಿಯುತ್ತೆ. ಏಳು ಸಾವಿರ ಆಯ್ತು. ಅವನು ಬಂದಿದ್ದ. ಪೈಪ್ ಹಿಡಿದ, ಆರುನೂರು ತಗೊಂಡ. ಅಮ್ಮ ಮತ್ತೆ ಕಾಫಿ ಕೊಟ್ಟಳು, ಮತ್ತೆ ಪೇಪರ್ ಕಪ್ಪಿನಲ್ಲೇ. ಈ ಸಲ ನನಗೂ ಅದರಲ್ಲೇ ಕೊಟ್ಟಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಆ ವಾರವೇ ಗುಂಡಿಗೆ ಒಂದು ಟ್ರ್ಯಾಕ್ಟರ್ ಇಟ್ಟಿಗೆ ಚೂರು, ಮಣ್ಣು ತುಂಬಿಸಿದೆವು. ಬಚ್ಚಲಿನಿಂದ ಹೊಸ ಪೈಪು, ನಡುವೆ ಎರಡಡಿ ಆಳದ ಚೇಂಬರು, ಮೇಲೆ ಹಿಡಿ ಇರುವ ಕಬ್ಬಿಣದ ಮುಚ್ಚಳ. ಟೈಲ್ಸ್ ಲೆವೆಲ್ಲಿಗಿಂತ ಅರ್ಧ ಇಂಚು ಮೇಲಿದೆ, ಕತ್ತಲಲ್ಲಿ ಕಾಲು ಎಡವುತ್ತೆ. ಟೆರೇಸಿನ ಮಳೆ ನೀರಿನ ಪೈಪೂ ಇದೇ ಲೈನಿಗೆ ಸೇರಿತ್ತಂತೆ, ಪ್ಲಂಬರ್ ತೋರಿಸಿದರು. ಹಾಗೆ ಸೇರಿಸುವಂತಿಲ್ಲ. ಜೋರು ಮಳೆಯಲ್ಲಿ ರಸ್ತೆಯ ಮ್ಯಾನ್‌ಹೋಲ್ ಉಕ್ಕಿದಾಗ ನಾನು ವಿಡಿಯೋ ಮಾಡಿ ಬೈಯುತ್ತಿದ್ದೆನಲ್ಲ, ಅದರಲ್ಲಿ ನಮ್ಮ ಮನೆಯದ್ದೂ ಒಂದು ಪಾಲಿತ್ತು. ಅದನ್ನೂ ಬಿಡಿಸಿ ಇಂಗುಗುಂಡಿಗೆ ತಿರುಗಿಸಿದೆ. ಎಕ್ಸೆಲ್ ಶೀಟಿಗೆ ಎರಡು ಕಾಲಂ ಜಾಸ್ತಿಯಾದವು.

ಖರ್ಚು ಬರೆಯುವಾಗ ಫೋನ್ ನೋಡಿದರೆ, ಅವನ ನಂಬರನ್ನು 'ಪಿಟ್' ಅಂತ ಸೇವ್ ಮಾಡಿದ್ದೆ. ಹೆಸರು ನನಗೆ ನೆನಪಿರಲಿಲ್ಲ. ಅಮ್ಮನನ್ನು ಕೇಳಿ ತಿದ್ದಿದೆ.

ಹೋದ ತಿಂಗಳು ಎದುರು ಮನೆಯ ಅಂಕಲ್ ಗೇಟಿನ ಹತ್ತಿರ ಬಂದರು. ಅವರದ್ದೂ ನಮ್ಮಷ್ಟೇ ಹಳೆಯ ಮನೆ, ಅದೇ ಕಾಲದ ಗುಂಡಿ. ಟ್ಯಾಂಕರಿನವರ ನಂಬರ್ ಕೊಟ್ಟೆ.

"ಇದು ದುಬಾರಿ ಅಲ್ವೇನಮ್ಮಾ," ಅಂದರು. "ನಿಮ್ಮನೆಗೆ ಅವತ್ತು ಒಬ್ಬ ಮೊಪೆಡ್ಡಲ್ಲಿ ಬಂದಿದ್ನಲ್ಲ, ಅವನ ನಂಬರ್ ಇದೆಯಾ?"

"ಇಲ್ಲ ಅಂಕಲ್," ಅಂದೆ.