ಸಂಪಿಗೆಗೊಂದಿಷ್ಟು ಜಾಗ

ನರ್ಸರಿಯಲ್ಲಿ ಸಂಪಿಗೆ ಗಿಡದ ಮುಂದೆ ನಿಂತವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವರ್ಷಕ್ಕೆ ಹೂ ಬಿಡುತ್ತೆ?" ನರ್ಸರಿಯವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಕಸಿ ಗಿಡವಾದರೆ ಎರಡು ಮೂರು ವರ್ಷ, ಬೀಜದ ಸಸಿಯಾದರೆ ಎಂಟು ಹತ್ತು ವರ್ಷ. ಕೇಳಿದವರು ಮರುಮಾತಿಲ್ಲದೆ ಕಸಿ ಗಿಡವನ್ನೇ ಆರಿಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಹೂವಿಗಾಗಿಯೇ ತಾನೆ ನೆಡುವುದು? ಆದರೆ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಇದಕ್ಕೆ ಎಷ್ಟು ಜಾಗ ಬೇಕು?" ಅದನ್ನು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಸಂಪಿಗೆ ಮರದ ನೆರಳಿನಲ್ಲೇ ಬೆಳೆದು, ಈಗ ನಮ್ಮ ಹಿತ್ತಲಲ್ಲೂ ಒಂದನ್ನು ಬೆಳೆಸಿರುವ ನನಗೆ ಅನ್ನಿಸುವುದಿಷ್ಟು: ಗೊಬ್ಬರ, ನೀರು, ಔಷಧಿ ಇವೆಲ್ಲಕ್ಕಿಂತ ಮೊದಲು ಈ ಮರಕ್ಕೆ ಬೇಕಾದದ್ದು ಜಾಗ. ಮೇಲೆ ಕೊಂಬೆಗೆ, ಕೆಳಗೆ ಬೇರಿಗೆ, ಎಲೆಯ ಮೇಲೆ ಹುಳಕ್ಕೆ. ಅದನ್ನು ಕೊಟ್ಟವರಿಗೆ ಉಳಿಯುವ ಕೆಲಸ ಬಹಳ ಇಲ್ಲ.

ಸಂಪಿಗೆ ಹುಟ್ಟಾ ಕಾಡಿನ ಮರ. ಪಶ್ಚಿಮ ಘಟ್ಟದ ತೇವದ ಕಾಡಿನಲ್ಲಿ ನೇರ ಕಾಂಡದ ಸಂಪಿಗೆ ನೂರು ಅಡಿ ಎತ್ತರಕ್ಕೂ ಹೋಗುತ್ತದೆ. ಮನೆಯಂಗಳದಲ್ಲಿ ಅಷ್ಟು ಬೆಳೆಯದಿದ್ದರೂ ಮಹಡಿ ಮನೆಯ ತಾರಸಿಯನ್ನು ದಾಟುವುದಂತೂ ಖಂಡಿತ. ಇಂಥ ಮರದ ಸಸಿಯನ್ನು ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರಡಿ ಓಣಿಯಲ್ಲಿ, ಕಾಂಪೌಂಡಿಗೆ ಆನಿಸಿ ನೆಡುವುದನ್ನು ಊರೂರಲ್ಲಿ ನೋಡುತ್ತೇವೆ. ಒಂದು ಕಡೆ ಸಂಪು, ಇನ್ನೊಂದು ಕಡೆ ಗೋಡೆಯ ತಳಪಾಯ, ತಲೆಯ ಮೇಲೆ ಕರೆಂಟಿನ ತಂತಿ. ಮೊದಲ ಐದಾರು ವರ್ಷ ಏನೂ ತೊಂದರೆ ಕಾಣುವುದಿಲ್ಲ. ಆಮೇಲೆ ಕೊಂಬೆ ತಂತಿಗೆ ತಗಲುತ್ತದೆ, ಮಳೆಗಾಲಕ್ಕೆ ಮುಂಚೆ ಬಂದವರು ಒಂದು ಪಕ್ಕವನ್ನೇ ಸವರಿ ಹೋಗುತ್ತಾರೆ. ಮರ ವಾಲುತ್ತದೆ. ಕೊನೆಗೆ ಹೂ ತುಂಬಿ ನಿಲ್ಲಬೇಕಾದ ವಯಸ್ಸಿನಲ್ಲೇ ಅದಕ್ಕೆ ಗರಗಸ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ನಮ್ಮದೇ ಅಂಗಳದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಾನೂನು ಕಡಿಯುವ ಕೈಯನ್ನು ತಡೆಯಬಲ್ಲದು. ನೆಡುವ ಕೈಗೆ ಬುದ್ಧಿ ಹೇಳಬೇಕಾದವರು ನಾವೇ.

ಹಿಂದಿನವರು ಊರು ಕಟ್ಟುವಾಗ ಈ ಲೆಕ್ಕ ಇಟ್ಟುಕೊಂಡಿದ್ದರು. 1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ರಸ್ತೆಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಹೆಸರು. ಅಗಲ ರಸ್ತೆ, ಹಿಂದೆ ಮುಂದೆ ಅಂಗಳವಿದ್ದ ಮನೆ, ನಡುವೆ ಮರ: ಮೂರಕ್ಕೂ ಅದರದರ ಪಾಲಿನ ಜಾಗ ಇತ್ತು. ಇಂದು ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಹುಡುಕಬೇಕು. ಹೂವಿನಂಗಡಿಯ ತಟ್ಟೆಯಲ್ಲಿ ಸಿಗುವಷ್ಟು ಸುಲಭವಾಗಿ ಅದು ರಸ್ತೆಯ ಅಂಚಿನಲ್ಲಿ ಸಿಗುವುದಿಲ್ಲ.

ಹಾಗಾಗಿ ನೆಡುವ ಮೊದಲು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ. ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರ, ಮೇಲೆ ತಂತಿ ಇಲ್ಲದ ಜಾಗ, ದಿನಕ್ಕೆ ಐದಾರು ತಾಸಾದರೂ ಬಿಸಿಲು. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಬೇಡವೇ ಬೇಡ. ಸಂಪಿಗೆಯ ಬೇರು ಮೃದು, ನೀರಲ್ಲಿ ನೆನೆದರೆ ಕೊಳೆಯುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಮುಂಗಾರು ಹಿಡಿದ ಮೇಲೆ ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು ಬೆರೆಸಿ ತುಂಬಿಸಿ ನೆಟ್ಟರೆ ಗಿಡ ಬೇಗ ಬೇರೂರುತ್ತದೆ. ಕವರು ಬಿಚ್ಚುವಾಗ ಮಣ್ಣಿನ ಹೆಂಟೆ ಒಡೆಯಬಾರದು. ಈ ಗಿಡಕ್ಕೆ ಬೇರು ಅಲುಗುವುದು ಆಗಿಬರುವುದಿಲ್ಲ. ಕಸಿ ಗಿಡದಲ್ಲಿ ಕಸಿಗಂಟು ಮಣ್ಣಿನಿಂದ ಮೇಲಿರಬೇಕು. ಗಂಟಿನ ಕೆಳಗಿಂದ ಚಿಗುರು ಬಂದರೆ ಅದು ಬುಡದ ಕಾಡು ಸಸಿಯದು, ಎಳೆಯದಿದ್ದಾಗಲೇ ಕೈಯಲ್ಲಿ ಚಿವುಟಬೇಕು. ಬಿಟ್ಟರೆ ಅದು ಮೇಲಿನ ಕಸಿಯನ್ನೇ ಹಿಂದಕ್ಕೆ ಹಾಕಿಬಿಡುತ್ತದೆ.

ಸಂಪಿಗೆಗೆ ನಿಜವಾದ ಆರೈಕೆ ಬೇಕಾಗುವುದು ಮೊದಲ ಮೂರು ಬೇಸಿಗೆಯಲ್ಲಿ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ವಾರಕ್ಕೆರಡು ಸಲ ಪಾತಿ ತುಂಬ ನೀರು ಕೊಟ್ಟರೆ ಸಾಕು. ದಿನವೂ ಚೊಂಬಿನಲ್ಲಿ ಚಿಮುಕಿಸುವುದಕ್ಕಿಂತ ಇದು ಮೇಲು, ಬೇರು ನೀರು ಹುಡುಕಿಕೊಂಡು ಆಳಕ್ಕಿಳಿಯುತ್ತದೆ. ಬಯಲುಸೀಮೆಯ ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಎಳೆ ಎಲೆ ಹಳದಿಗಟ್ಟಿ ನರ ಮಾತ್ರ ಹಸಿರಾಗಿ ಉಳಿಯುವುದುಂಟು. ಅದು ಕಬ್ಬಿಣದ ಕೊರತೆ. ನೀರು ಕಡಿಮೆಯಾಯಿತೆಂದು ಇನ್ನಷ್ಟು ನೀರು ಸುರಿಯುವುದರಿಂದ ಅದು ಹೋಗದು, ಪಾತಿಗೆ ಎಲೆಗೊಬ್ಬರ ಹಾಕುತ್ತ ಬಂದರೆ ಮಣ್ಣು ನಿಧಾನಕ್ಕೆ ದಾರಿಗೆ ಬರುತ್ತದೆ. ಅದಕ್ಕೆ ಬೇಕಾದ ಎಲೆಯನ್ನು ಮರವೇ ಕೊಡುತ್ತದೆ. ಸಂಪಿಗೆ ವರ್ಷವಿಡೀ ಒಂದೊಂದಾಗಿ ಎಲೆ ಉದುರಿಸುವ ಮರ. ಬೆಳಗಾದರೆ ಅಂಗಳ ಗುಡಿಸಬೇಕು ಎಂದು ಬೇಸರಪಡುವವರಿದ್ದಾರೆ. ಗುಡಿಸಿದ್ದನ್ನು ಕಸದ ಗಾಡಿಗೆ ಹಾಕುವ ಬದಲು ಅಲ್ಲೇ ಬುಡಕ್ಕೆ ಹೊದಿಸಿದರೆ ನೆಲ ತಂಪಾಗಿರುತ್ತದೆ, ಎರೆಹುಳ ಬರುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಎಲೆ ಕಪ್ಪು ಮಣ್ಣಾಗಿರುತ್ತದೆ. ಬುಡದ ಸುತ್ತ ಸಿಮೆಂಟು ಬಳಿದು ಕಟ್ಟೆ ಕಟ್ಟುವವರಿಗೆ ನಾನು ಕೈಮುಗಿದು ಹೇಳುವುದು ಒಂದೇ ಮಾತು: ಬೇರೂ ಉಸಿರಾಡಬೇಕು, ದಯವಿಟ್ಟು ಒಂದು ಮಾರು ನೆಲವನ್ನಾದರೂ ಹಾಗೇ ಬಿಡಿ.

ಮುಂಗಾರಿನ ಚಿಗುರಿನ ಜೊತೆಗೆ ಎಲೆ ತಿನ್ನುವ ಹುಳಗಳೂ ಬರುತ್ತವೆ. ನೆಟ್ಟವರು ಗಾಬರಿಯಾಗುವುದು ಆಗಲೇ. ನಿನ್ನೆ ಮಿರಿಮಿರಿ ಮಿಂಚುತ್ತಿದ್ದ ಎಳೆ ಎಲೆಯ ಅಂಚು ಇವತ್ತು ಕಚ್ಚಿಹೋಗಿರುತ್ತದೆ. ಔಷಧಿ ಅಂಗಡಿಗೆ ಹೋಗುವ ಮುಂಚೆ ಎಲೆ ಮಗುಚಿ ನೋಡಿ. ಕೆಲವೊಮ್ಮೆ ಅಲ್ಲಿ ನುಣ್ಣಗಿನ ಹಸಿರು ಕಂಬಳಿಹುಳವೊಂದು ಎಲೆಯ ನಡುನರಕ್ಕೆ ಮೈಯೊತ್ತಿ ಕೂತಿರುತ್ತದೆ, ಭುಜದ ಭಾಗ ದಪ್ಪ, ಹಿಂಬದಿ ಸಪೂರ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಮೃದುವಾದ ಕೊಂಬೊಂದು ಚಿಮ್ಮಿ, ಒಂದು ಥರದ ಘಾಟು ಹರಡಿ, ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಇರುವೆಯನ್ನೂ ಜೇಡವನ್ನೂ ದೂರ ಇಡಲು ಅದಕ್ಕಿರುವ ಆಯುಧ ಅದು. ಕೆಲವು ದಿನಗಳಲ್ಲಿ ಅದೇ ಹುಳ ಎಲೆಯ ಬಣ್ಣದ್ದೇ ಕೋಶವಾಗಿ ಎಲೆಯಡಿ ತೂಗುತ್ತದೆ, ಹುಡುಕಿದರೂ ಕಾಣದು. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ಹೊರಬರುವುದು ಕಪ್ಪು ರೆಕ್ಕೆಯ ಮೇಲೆ ಎಳೆಹಸಿರು ಚುಕ್ಕೆಗಳ, ಚಿಕ್ಕ ಬಾಲವಿರುವ ಚಿಟ್ಟೆ. ಹೂವಿನ ಮೇಲೆ ಕೂತಾಗಲೂ ರೆಕ್ಕೆ ಬಡಿಯುವುದನ್ನು ನಿಲ್ಲಿಸದ ಚಂಚಲ ಜೀವ. ಸಂಪಿಗೆ, ಸೀತಾಫಲ, ಕಂಬದಂತೆ ಬೆಳೆಯುವ ಅಲಂಕಾರದ ಅಶೋಕ, ಇಂಥ ಕೆಲವೇ ಮರಗಳ ಎಲೆ ತಿಂದು ಇದು ಬೆಳೆಯಬಲ್ಲದು. ನಮ್ಮ ಮರ ಕೊಟ್ಟದ್ದು ಹತ್ತಿಪ್ಪತ್ತು ಎಲೆ, ಮುಂದಿನ ಮಳೆಗೆ ಅವು ಮತ್ತೆ ಬಂದವು. ಆ ಎಲೆಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಗಣೆಯ ಜಾತಿಯ ರಸ ಹೀರುವ ಕೀಟಗಳ ಮಾತು ಬೇರೆ. ಅವು ಗುಂಪುಗಟ್ಟಿ ಕಾಂಡಕ್ಕೂ ಎಲೆಗೂ ಮುತ್ತಿದರೆ ಗಿಡ ಸೊರಗುತ್ತದೆ. ಆಗ ನೀರಿನ ರಭಸದ ಧಾರೆ ಹಾಯಿಸಿ, ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಬೇಕು. ಯಾರು ಅತಿಥಿ, ಯಾರು ಕಳ್ಳ ಎಂದು ಗುರುತಿಸಿ ಆಮೇಲೆ ಕೈ ಎತ್ತಬೇಕು, ಅಷ್ಟೇ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಎಲೆಯ ಕಂಕುಳಲ್ಲಿ ಮೊಗ್ಗು. ಮೊದಮೊದಲು ಅದು ಮೊಗ್ಗೆಂದೇ ತಿಳಿಯದು, ಮೃದು ರೋಮದ ಕವಚದೊಳಗೆ ಅಡಗಿರುತ್ತದೆ. ಕವಚ ಕಳಚಿದರೆ ಒಳಗೆ ಹಸಿರು, ಮರುದಿನ ತಿಳಿಹಳದಿ, ಅರಳಿದಾಗ ಚಿನ್ನ, ಅರಳಿ ಹೊತ್ತಾದಂತೆ ಕಿತ್ತಳೆ. ಪುಷ್ಪಪಾತ್ರೆ ಬೇರೆ, ದಳ ಬೇರೆ ಎಂಬ ಭೇದ ಇಲ್ಲಿಲ್ಲ, ಹತ್ತು ಹದಿನೈದು ಎಸಳುಗಳೆಲ್ಲ ಒಂದೇ ಥರ. ನಡುವೆ ಹಸಿರು ಕದಿರು, ಅದರ ಬುಡದಲ್ಲಿ ಕೇಸರಗಳ ಗುಂಪು. ಇದು ಮ್ಯಾಗ್ನೋಲಿಯಾ ಕುಟುಂಬದ ಗುರುತು, ಹೂ ಬಿಡುವ ಸಸ್ಯಗಳಲ್ಲೇ ಬಹಳ ಹಳೆಯ ಮನೆತನ. ಈ ಕುಟುಂಬದ ಹೂಗಳಲ್ಲಿ ಮೊದಲು ಹೆಣ್ಣು ಭಾಗ ಪಕ್ವವಾಗುತ್ತದೆ, ಆಮೇಲೆ ಗಂಡು ಭಾಗ. ತನ್ನ ಪರಾಗ ತನಗೇ ತಾಗದಂತೆ ಮಾಡಿಕೊಂಡಿರುವ ಏರ್ಪಾಡು ಇದು. ಪರಾಗ ಹೊರುವ ಕೆಲಸದಲ್ಲಿ ಚಿಕ್ಕ ಜೀರುಂಡೆಗಳ ಪಾಲು ದೊಡ್ಡದು. ಭ್ರಮರ ಸಂಪಿಗೆಯತ್ತ ಸುಳಿಯದು ಎಂಬುದು ನಮ್ಮ ಹಳೆಯ ಕವಿಗಳ ಮಾತು. ಇಷ್ಟು ಘಮದ ಹೂವಿಗೆ ದುಂಬಿಯ ಹಂಗಿಲ್ಲವಲ್ಲ ಎಂದು ಬೆರಗಾದವರು ಮರದ ಕೆಳಗೆ ನಿಂತು ಕಣ್ಣಿಟ್ಟು ನೋಡಿಯೇ ಹಾಗೆ ಹೇಳಿರಬೇಕು ಎಂದು ನನ್ನ ನಂಬಿಕೆ.

ಹೂ ಬಿಟ್ಟ ಮೇಲೆ ಮರ ನಮ್ಮೊಬ್ಬರದಾಗಿ ಉಳಿಯುವುದಿಲ್ಲ. ಬೆಳಗಿನ ಜಾವದಲ್ಲೇ ಗೇಟು ಕಿರ್ರೆನ್ನುತ್ತದೆ. "ಆಂಟಿ, ಅಜ್ಜಿ ಎರಡು ಹೂ ಇಸ್ಕೊಂಡು ಬಾ ಅಂದ್ರು," ಎಂದು ಎದುರುಮನೆಯ ಹುಡುಗಿ ಬರುತ್ತಾಳೆ. ಶುಕ್ರವಾರ ದೇವರಿಗೆ, ಮದುವೆ ಮನೆಗೆ, ಬಾಣಂತಿಯ ತಲೆಗೆ, ಒಬ್ಬೊಬ್ಬರದೂ ಒಂದೊಂದು ಕಾರಣ. ಕೊಡುವುದರಲ್ಲಿ ನನಗೆ ಸಂತೋಷವಿದೆ. ಕೀಳುವ ರೀತಿಯಲ್ಲಿ ಮಾತ್ರ ಹಟವಿದೆ. ಸಂಪಿಗೆಯ ಕೊಂಬೆ ಪೆಳಸು, ಮರ ಹತ್ತಿ ಬಿದ್ದವರ ಕತೆ ಪ್ರತಿ ಊರಲ್ಲೂ ಇದೆ. ದೋಟಿಯ ಕೊಕ್ಕೆ ಹಾಕಿ ಜಗ್ಗಿದರೆ ಒಂದು ಹೂವಿನ ಜೊತೆ ಮುಂದಿನ ತಿಂಗಳು ಹೂ ಬಿಡಬೇಕಾದ ರೆಂಬೆಯೂ ಕೆಳಗೆ. ದೋಟಿಯ ತುದಿಗೆ ಚಿಕ್ಕ ಬಲೆಯ ಚೀಲ ಕಟ್ಟಿ, ಹೂವಿನ ತೊಟ್ಟಿಗೆ ಸಿಕ್ಕಿಸಿ ತಿರುವಿದರೆ ಹೂ ತಾನೇ ಚೀಲಕ್ಕೆ ಬೀಳುತ್ತದೆ. ಎಸಳಿಗೆ ಬೆರಳೊತ್ತಬಾರದು, ಒತ್ತಿದಲ್ಲಿ ಕಂದುಗಟ್ಟುತ್ತದೆ. ಕಿತ್ತದ್ದನ್ನು ನೀರು ತುಂಬಿದ ಲೋಟದಲ್ಲಿಟ್ಟರೆ ಸಂಜೆಗೂ ಮನೆಯೆಲ್ಲ ಘಮಘಮ.

ಒಂದಷ್ಟು ಹೂವನ್ನು ಎತ್ತರದ ಕೊಂಬೆಗಳಲ್ಲಿ ಕೀಳದೇ ಬಿಡಬೇಕು. ಅವು ಕಾಯಾಗುತ್ತವೆ, ಬೂದುಹಸಿರು ಬಣ್ಣದ, ಮೈಮೇಲೆ ಚುಕ್ಕೆಗಳಿರುವ ಪುಟ್ಟ ಕಾಯಿಗಳ ಗೊಂಚಲು. ಮಳೆಗಾಲದ ಕೊನೆಗೆ ಕಾಯಿ ಬಿರಿದು ಕೆಂಪು ತಿರುಳಿನ ಬೀಜ ಸಣ್ಣ ನೂಲಿನಲ್ಲಿ ಜೋತಾಡುತ್ತದೆ. ಅಂದಿನಿಂದ ಕುಟ್ರುಹಕ್ಕಿ, ಪಿಕಳಾರ, ಗೊರವಂಕಗಳಿಗೆ ಹಬ್ಬ. ಹಕ್ಕಿಗಳಿಗೆ ಸಿಕ್ಕು ಉಳಿದದ್ದನ್ನು ಆಯ್ದು, ಕೆಂಪು ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆದು, ತಡಮಾಡದೆ ಬಿತ್ತಬೇಕು. ಸಂಪಿಗೆ ಬೀಜ ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯುವಂಥದ್ದಲ್ಲ, ಒಣಗಿದರೆ ಜೀವ ಕಳೆದುಕೊಳ್ಳುತ್ತದೆ. ಬಿಳಿ ಸಂಪಿಗೆಯದು ಬೇರೆ ಕತೆ. ಅದು ಮಿಶ್ರ ತಳಿ, ಸಾಮಾನ್ಯವಾಗಿ ಬೀಜ ಕಟ್ಟುವುದೇ ಇಲ್ಲ, ಕಸಿಯಿಂದಲೇ ಅದರ ವಂಶ ಬೆಳೆಯಬೇಕು. ಬೀಜದಿಂದ ಬೆಳೆದ ಸಂಪಿಗೆಯ ಮೇಲೆ ನನಗೆ ವಿಶೇಷ ಮಮತೆ. ಹೂ ತಡ, ನಿಜ. ಆದರೆ ತಾಯಿಬೇರು ಆಳಕ್ಕಿಳಿದು ಮರ ಗಟ್ಟಿಯಾಗಿ ನಿಲ್ಲುತ್ತದೆ.

ಜಾಗ ಸಿಕ್ಕ ಸಂಪಿಗೆ ಏನಾಗಬಲ್ಲದು ಎಂದು ನೋಡಬೇಕಾದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿಯ ಕಾಡಿನೊಳಗೆ, ಭಾರ್ಗವಿ ಹೊಳೆಯ ಹತ್ತಿರ, ದೊಡ್ಡ ಸಂಪಿಗೆ ಎಂಬ ಮರವಿದೆ. ಅದರ ವಯಸ್ಸನ್ನು ನೂರಾರು ವರ್ಷಗಳಲ್ಲಿ ಹೇಳುತ್ತಾರೆ. ಬುಡ ಎಷ್ಟು ಅಗಲವೆಂದರೆ ಹತ್ತಾರು ಜನ ಕೈ ಹಿಡಿದು ನಿಂತರೆ ಮಾತ್ರ ಬಳಸಬಹುದು. ಬುಡದ ಸುತ್ತ ಲಿಂಗದಂಥ ಕಲ್ಲುಗಳು. ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರಿಗೆ ಅದು ದೇವರು. ಗುಡಿಯಿಲ್ಲ, ಗೋಪುರವಿಲ್ಲ, ಮರವೇ ದೇವರು. ಆ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕೂ ದೊರೆಯಿತು. ಆ ಮರಕ್ಕೆ ಯಾರೂ ಗೊಬ್ಬರ ಹಾಕಿಲ್ಲ, ಪಾತಿ ಮಾಡಿಲ್ಲ. ಮುಟ್ಟದೆ ಬಿಟ್ಟಿದ್ದಾರೆ, ಹತ್ತಿರದಲ್ಲಿ ಬಾಳಿದ್ದಾರೆ, ತಲೆಮಾರಿನಿಂದ ತಲೆಮಾರಿಗೆ ಅದರ ಜಾಗವನ್ನು ಕಾಯ್ದಿದ್ದಾರೆ. ತೋಟಗಾರಿಕೆಯ ಪುಸ್ತಕಗಳಲ್ಲಿ ನಾನು ಓದಿದ್ದಕ್ಕಿಂತ ಹೆಚ್ಚು ಪಾಠ ಅಲ್ಲಿ ಸಿಕ್ಕಿತು.

ಎಲ್ಲರ ಮನೆಯಲ್ಲೂ ಅಷ್ಟು ಅಂಗಳವಿಲ್ಲ, ಗೊತ್ತು. ಅಂಥವರು ಕಸಿ ಗಿಡವನ್ನು ದೊಡ್ಡ ಕುಂಡದಲ್ಲಿಟ್ಟು ತಾರಸಿಯಲ್ಲಿ ನಾಲ್ಕು ಹೂ ನೋಡಬಹುದು. ಇನ್ನೂ ಒಳ್ಳೆಯ ದಾರಿ ಇದೆ. ಊರ ಶಾಲೆಯ ಮೈದಾನದ ಮೂಲೆ, ದೇವಸ್ಥಾನದ ಹಿಂಭಾಗ, ಬಡಾವಣೆಯ ಪಾರ್ಕು, ಕೆರೆಯ ಏರಿಯಿಂದಾಚೆಗಿನ ಬಯಲು, ಇಲ್ಲೆಲ್ಲ ಸಂಪಿಗೆಗೆ ಕೈಕಾಲು ಚಾಚುವಷ್ಟು ಜಾಗ ಇನ್ನೂ ಇದೆ. ಜೂನ್‌ನಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವವರಿಗೆ ಬರವಿಲ್ಲ. ಮುಂದಿನ ಮಾರ್ಚ್‌ನಲ್ಲಿ ಕೊಡ ಹಿಡಿದು ಹೋಗುವವರು ಬೇಕು, ಅದೂ ಮೂರು ಬೇಸಿಗೆ. ಸಸಿ ಕೊಳ್ಳುವ ಮೊದಲೇ ಆ ಮೂರು ಬೇಸಿಗೆಗೆ ಯಾರು ನೀರು ಹಾಕುವವರು ಎಂದು ಹೆಸರು ಹಿಡಿದು ನಿಶ್ಚಯಿಸಿಕೊಳ್ಳಿ. ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿ. ನಾಲ್ಕನೆಯ ವರ್ಷದಿಂದ ಅದಕ್ಕೆ ನಮ್ಮ ಹಂಗು ಬೇಡ. ಅದರ ಹೂ ಮುಡಿಯುವವರು ನಮ್ಮ ಮನೆಯವರೇ ಆಗಿರಬೇಕೆಂದೂ ಇಲ್ಲ.